ಗ್ರಿಲ್ ಬಿಚ್ಚಿಸಿದ ಮೇಲೆ

ಗ್ರಿಲ್ ಬಿಚ್ಚಲು ಬಂದ ವೆಲ್ಡಿಂಗ್ ಅಂಗಡಿಯ ಹುಡುಗ ಅಳತೆ ಟೇಪು ಹೊರಗೆ ತೆಗೆದವನೇ, "ಹೊಸದು ಯಾವ ಡಿಸೈನ್ ಆಂಟಿ?" ಎಂದು ಕೇಳಿದ. ಹೊಸದು ಏನೂ ಇಲ್ಲ, ಇದನ್ನು ಕತ್ತರಿಸಿ ತೆಗೆದುಕೊಂಡು ಹೋಗು ಸಾಕು ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ದಾರಂದಕ್ಕೆ ಒರಗಿ ನಿಂತಿದ್ದ ಅಮ್ಮನ ಕಡೆ ತಿರುಗಿದ. "ನನ್ನ ಕೇಳಬೇಡ ತಮಾ," ಎಂದಳು ಅಮ್ಮ, "ಇದು ಇವಳದ್ದೇ ಹುಚ್ಚು. ನಾಳೆ ಕಳ್ಳ ಬಂದರೆ ಅವನಿಗೆ ಕಾಫಿ ಕೊಡೋಳೂ ಇವಳೇ."

ಇಪ್ಪತ್ತನಾಲ್ಕು ಅಡಿ ಉದ್ದದ ಜಗಲಿ, ಏಳಡಿ ಅಗಲ. ಅದರ ಮೂರೂ ಕಡೆಯ ಗ್ರಿಲ್ ಕತ್ತರಿಸಿ ಗೂಡ್ಸ್ ಆಟೋಕ್ಕೆ ಹೇರುವಷ್ಟರಲ್ಲಿ ಮಧ್ಯಾಹ್ನ ಆಯಿತು. ಗುಜರಿಯಲ್ಲಿ 270 ಕೆ.ಜಿ. ತೂಗಿತು. ಕೆ.ಜಿ.ಗೆ 28ರಂತೆ 7,560 ರೂಪಾಯಿ ಕೈಗೆ ಬಂತು. 1996ರಲ್ಲಿ ಅಪ್ಪ ಅದನ್ನು ಹಾಕಿಸಿದಾಗ ಎಷ್ಟು ಕೊಟ್ಟಿದ್ದರೋ ಅಮ್ಮನಿಗೂ ನೆನಪಿಲ್ಲ. ಆ ವರ್ಷ ಪಕ್ಕದ ಕೇರಿಯಲ್ಲಿ ಒಂದು ಮನೆಯಿಂದ ತಾಮ್ರದ ಹಂಡೆ, ಎರಡು ಚೀಲ ಅಡಿಕೆ ಕಳುವಾಯಿತು. ಮುಂದಿನ ಮಳೆಗಾಲದ ಒಳಗೆ ನಮ್ಮ ಸಾಲಿನ ಆರು ಮನೆಗೆ ಗ್ರಿಲ್ ಬಂತು. ದಡಾರ ಹಬ್ಬಿದ ಹಾಗೆ ಹಬ್ಬಿತು. ಅಪ್ಪನದು ಕೊನೆಯ ಮನೆ. ನಾಲ್ಕು ಕಡೆ ಗ್ರಿಲ್ ಇದ್ದು ನಮ್ಮಲ್ಲಿ ಮಾತ್ರ ಇಲ್ಲದಿದ್ದರೆ ಕಳ್ಳ ನೇರ ಇಲ್ಲಿಗೇ ಬರುತ್ತಾನಲ್ಲ ಎಂಬುದು ಅವರ ಲೆಕ್ಕ. ತಪ್ಪು ಲೆಕ್ಕ ಎಂದು ಈಗಲೂ ಹೇಳಲಾರೆ.

ಊರು ಸಾಗರ. ಬಿ.ಹೆಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ, ಅದರ ಹಿಂದಿನ ಕೇರಿಗಳಲ್ಲಿ ಒಂದರಲ್ಲಿ ನಮ್ಮ ಮನೆ. ಬ್ಯಾಂಕಿನ ಕೆಲಸದಲ್ಲಿ ಎಂಟು ಊರು ಸುತ್ತಿ, ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಬಿಟ್ಟು, ಒಬ್ಬಳೇ ಇದ್ದ ಅಮ್ಮನ ಜೊತೆ ಇರಲು ಬಂದೆ. ಬಂದು ಎಂಟು ತಿಂಗಳಾದರೂ ನಾನು ಮಾತಾಡಿದ್ದು ಹಾಲಿನವನ ಹತ್ತಿರ, ಗ್ಯಾಸಿನವನ ಹತ್ತಿರ, ಕೊರಿಯರ್ ಹುಡುಗನ ಹತ್ತಿರ. ಅದೂ ಗ್ರಿಲ್ಲಿನ ಸಂದಿಯಿಂದ ಕೈ ಹೊರಗೆ ಚಾಚಿ. ನಾಲ್ಕನೇ ಮನೆಯ ಮೇಷ್ಟ್ರು ತೀರಿಕೊಂಡದ್ದು ನಮಗೆ ತಿಳಿದದ್ದು ಐದನೇ ದಿನಕ್ಕೆ, ಸರ್ಕಲ್ಲಿನಲ್ಲಿ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸ್ ನೋಡಿ. ನನಗೆ ಮಗ್ಗಿ ಕಲಿಸಿದ ಮೇಷ್ಟ್ರು. ಮನೆಗೆ ಬಂದು ಹೇಳಿದಾಗ ಅಮ್ಮ ಬಹಳ ಹೊತ್ತು ಸುಮ್ಮನಿದ್ದು, "ಮೊದಲಾಗಿದ್ದರೆ ಅವರು ಸಂಜೆ ಹೋಗದೇ ಇದ್ದದ್ದು ಕಂಡೇ ಗೊತ್ತಾಗ್ತಿತ್ತು" ಎಂದಳು. ಗ್ರಿಲ್ ತೆಗೆಸಬೇಕೆಂದು ನನಗೆ ಹೊಳೆದದ್ದು ಆ ಮಾತಿನಿಂದ. ಆಮೇಲೆ ಅಡ್ಡ ಬಂದವಳೂ ಅವಳೇ.

ನನ್ನ ನೆನಪಿನ ಜಗಲಿ ಎಂದರೆ ಸಂಜೆಯ ಜಗಲಿ. ಐದೂವರೆಗೆ ಅಜ್ಜ ಕವಳದ ಹರಿವಾಣ ತಂದು ಕಂಬದ ಬುಡಕ್ಕೆ ಇಟ್ಟರೆ ಅಂಗಡಿ ಬಾಗಿಲು ತೆಗೆದ ಹಾಗೆ. ಮಂಡಿಯಿಂದ ಬರುವವರು, ಕಚೇರಿಯಿಂದ ಬರುವವರು, ದೇವಸ್ಥಾನಕ್ಕೆ ಹೋಗುವವರು ಒಬ್ಬೊಬ್ಬರಾಗಿ ಬಂದು ಅಂಚಿಗೆ ಕೂರುತ್ತಿದ್ದರು. ರಾಶಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಗೊರಬಲು ಕೇಳುವವರೇ ಇಲ್ಲ ಎಂಬ ಅಡಿಕೆಯ ಮಾತು. ಕಿಟಕಿಯಲ್ಲಿಟ್ಟ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿಯ ಕೃಷಿ ಕಾರ್ಯಕ್ರಮ. ಯಾರೂ ಕೇಳುತ್ತಿರಲಿಲ್ಲ, ಆದರೆ ನಿಲ್ಲಿಸಿದರೆ ಎಲ್ಲರೂ ತಿರುಗಿ ನೋಡುತ್ತಿದ್ದರು. ಒಳಗಿನಿಂದ ಆಸರಿಗೆ ಹೋಗುತ್ತಿತ್ತು: ಬೇಸಿಗೆಯಾದರೆ ಮಜ್ಜಿಗೆ, ಮಳೆಗಾಲವಾದರೆ ಕಷಾಯ. ಜೋರು ಮಳೆಯ ದಿನ ಎರಚಲು ಹೊಡೆಯದಿರಲೆಂದು ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಆ ತಟ್ಟಿಯ ಹಿಂದಿನ ಅರೆಗತ್ತಲೆಯಲ್ಲೂ ಇಬ್ಬರು ಮೂವರು ಕೂತೇ ಇರುತ್ತಿದ್ದರು.

ಇಷ್ಟನ್ನು ನಾನು ಎಷ್ಟೋ ಜನರ ಹತ್ತಿರ ಹೇಳಿಕೊಂಡಿದ್ದೇನೆ, ಕಣ್ಣು ತುಂಬಿಕೊಂಡು. ಹೇಳದೆ ಬಿಟ್ಟದ್ದು ಒಂದಿದೆ. ಹನ್ನೆರಡು ತುಂಬುವವರೆಗೆ ನಾನು ಆ ಜಗಲಿಯಲ್ಲಿ ಉರುಳಾಡಿಕೊಂಡು ಬೆಳೆದೆ. ಅದಾದ ಮೇಲೆ ಒಂದು ದಿನ ಅಜ್ಜಿ, "ಇನ್ನು ನೀನು ಸಂಜೆ ಹೊತ್ತು ಒಳಗಿರು" ಎಂದಳು. ಅಲ್ಲಿಂದ ಮುಂದೆ ನಾನು ಜಗಲಿಯನ್ನು ನೋಡಿದ್ದೆಲ್ಲ ರೇಡಿಯೋ ಇಟ್ಟ ಕಿಟಕಿಯಿಂದ. ಹಿತ್ತಲ ಬಾಗಿಲಲ್ಲಿ ಹೋಗುವುದು, ಹಿತ್ತಲ ಬಾಗಿಲಲ್ಲಿ ಬರುವುದು. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಹೆಂಗಸರೆಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಜಗಲಿಯಲ್ಲೇ ಸಾಲಾಗಿ ಕೂರುತ್ತಿದ್ದರು ನಿಜ. ಕೆಲಸಕ್ಕೆ ಕೂರಬಹುದಿತ್ತು. ಕೆಲಸವಿಲ್ಲದೆ ಕೂರುವುದು ಗಂಡಸರಿಗೆ. ಹೀಗಿದ್ದೂ ಗ್ರಿಲ್ ತೆಗೆಸಲು ಹೊರಟವಳು ನಾನು, ತಮ್ಮನಲ್ಲ. ಅವನು ಫೋನಿನಲ್ಲಿ, "ಸಿಸಿ ಕ್ಯಾಮೆರಾನಾದ್ರೂ ಹಾಕ್ಸೇ" ಎಂದ. ಹಾಕಿಸಿದೆ. ಅದು ಈಗಲೂ ಇದೆ.

ಗ್ರಿಲ್ ಹೋದ ಮೇಲೆ ಟೈಲ್ಸ್. 2003ರಲ್ಲಿ ಅಪ್ಪ ಕೆಂಪು ನೆಲದ ಮೇಲೆಯೇ ಬಿಳಿ ಟೈಲ್ಸ್ ಹಾಕಿಸಿದ್ದರು. ಒರೆಸಲು ಸುಲಭ, ಮಳೆಗಾಲದಲ್ಲಿ ಜಾರಿ ಬೀಳಲೂ ಸುಲಭ. ಉಳಿ ಸುತ್ತಿಗೆ ಹಿಡಿದು ಇಬ್ಬರು ಎರಡು ದಿನ ಎಬ್ಬಿಸಿದರು. ಅಡಿಯ ಕೆಂಪು ನೆಲ ಬಹಳಷ್ಟು ಕಡೆ ಟೈಲ್ಸಿನ ಜೊತೆಗೇ ಕಿತ್ತುಬಂತು. ಟೈಲ್ಸ್ ಹಿಡಿಯಲೆಂದು ಆಗ ಅದಕ್ಕೆ ಕಚ್ಚು ಹಾಕಿದ್ದರು, ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಮೂರನೇ ಕಂಬದ ಹತ್ತಿರ ಮಾತ್ರ ಒಂದೂವರೆ ಅಡಿಯಷ್ಟು ಜಾಗ ಯಾಕೋ ಕಚ್ಚು ಬೀಳದೆ ಉಳಿದಿತ್ತು. ಸಿಮೆಂಟಿನ ಹಕ್ಕಳೆ ಕೆರೆದು ನೀರು ಹಾಕಿ ತಿಕ್ಕಿದೆ. ಗೆರೆಗಳು ಕಂಡವು. ಅಡ್ಡ ಐದು ಮನೆ, ಉದ್ದ ಐದು ಮನೆ, ನಾಲ್ಕೂ ಅಂಚಿನ ನಡುವೆ ಒಂದೊಂದು ಕತ್ತರಿ ಗುರುತು, ನಡುಮನೆಯಲ್ಲಿ ದೊಡ್ಡದೊಂದು. ಚೌಕಾಬಾರ.

ಇದನ್ನು ಕೊರೆದದ್ದು ನಾನೇ ಎಂದುಕೊಂಡೆ. ತಮ್ಮನೂ ನಾನೂ ಆಡುತ್ತಿದ್ದದ್ದು ನೆನಪಿತ್ತು. ಅಮ್ಮನನ್ನು ಕರೆದು ತೋರಿಸಿದೆ. ಅವಳು ಸೊಂಟ ಹಿಡಿದುಕೊಂಡು ಬಗ್ಗಿ ನೋಡಿ, "ನಿಂದಲ್ಲ ಅದು, ನಂದು" ಎಂದಳು. ಮದುವೆಯಾಗಿ ಬಂದ ಎರಡನೇ ವರ್ಷ ಈಳಿಗೆ ಮಣೆಯ ಮೊಳೆಯಿಂದ ಕೊರೆದಿದ್ದಂತೆ. ಮಧ್ಯಾಹ್ನ ಊಟವಾಗಿ ಗಂಡಸರು ಮಲಗಿದ ಮೇಲೆ, ಎರಡರಿಂದ ನಾಲ್ಕರವರೆಗೆ, ಎದುರು ಮನೆಯವರು, ಅವರ ಓರಗಿತ್ತಿ, ಅಮ್ಮ, ಕೆಲವು ದಿನ ಅಜ್ಜಿಯೂ. ಕವಡೆ ಸದ್ದಾಗುತ್ತದೆಂದು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡಿಕೊಂಡು, ಅದನ್ನೂ ಬಟ್ಟೆಯ ಮೇಲೆ ಹಾಕಿ ಆಡುತ್ತಿದ್ದರಂತೆ.

"ಅಜ್ಜಿಯೂ?"

"ನಿನ್ನ ಅಜ್ಜಿ ಮೋಸ ಮಾಡೋಳು. ಕಾಯಿ ಎರಡು ಮನೆ ಮುಂದೆ ಜರುಗಿಸಿ, ಏನೂ ಗೊತ್ತಿಲ್ಲದ ಹಾಗೆ ಬತ್ತಿ ಹೊಸೆಯೋಳು."

ನಾನು ಆ ಹೊತ್ತಿಗೆ ಶಾಲೆಯಲ್ಲಿರುತ್ತಿದ್ದೆ. ಐವತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ.

ಕೆಂಪು ನೆಲ ಮಾಡುವವರನ್ನು ಹುಡುಕುವುದೇ ಒಂದು ಪಾಡಾಯಿತು. ಕೇಳಿದ ಗಾರೆಯವರೆಲ್ಲ, "ಯಾಕೆ ಮೇಡಂ, ಕೆಂಪು ಕಲರ್‌ನ ಟೈಲ್ಸೇ ಬರುತ್ತಲ್ಲ" ಎನ್ನುವವರೇ. ಕೊನೆಗೆ ಹಾರ್ಡ್‌ವೇರ್ ಅಂಗಡಿಯವರು ಒಬ್ಬ ಹಿರಿಯ ಮೇಸ್ತ್ರಿಯ ನಂಬರ್ ಕೊಟ್ಟರು. ವಯಸ್ಸು ಅರವತ್ತರ ಮೇಲೆ. ಸೈಕಲ್ ತಳ್ಳಿಕೊಂಡು ಬಂದರು. ಬಂದವರು ಕೇರಿಯಲ್ಲೇ ನಿಂತು ಮಾಡಿನ ಕಡೆ ನೋಡಿದರು, ನೆಲದ ಕಡೆಯಲ್ಲ.

"ಅಕ್ಕಾ, ಅಲ್ಲಿ ಗ್ಲಾಸು ಇಡೋ ಸಂದಿ ಇತ್ತಲ್ಲ, ಇದೆಯಾ ಇನ್ನೂ?"

ಯಾವ ಗ್ಲಾಸು ಎಂದು ಕೇಳಬೇಕಾಗಿರಲಿಲ್ಲ. ಜಗಲಿಯ ಕೊನೆಯಲ್ಲಿ, ಪಕಾಸಿ ಗೋಡೆಗೆ ಸೇರುವ ಸಂದಿಯಲ್ಲಿ ಅಲ್ಯೂಮಿನಿಯಂ ಲೋಟವೊಂದು ಸಿಕ್ಕಿಸಿರುತ್ತಿತ್ತು. ಸುಣ್ಣ ಹೊಡೆಯಲು, ಹಂಚು ಕೈಯಾಡಿಸಲು ಬರುವ ಆಳು ಅದನ್ನು ತಾನೇ ತೆಗೆದುಕೊಂಡು ಮೆಟ್ಟಿಲ ಕೆಳಗೆ ಹಿಡಿಯಬೇಕು, ಮೇಲಿನಿಂದ ಕಾಫಿ ಹೊಯ್ಯುತ್ತಿದ್ದರು. ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ಹಾಗೆ ಬರುತ್ತಿದ್ದವರಲ್ಲಿ ಈ ಮೇಸ್ತ್ರಿಯ ಅಪ್ಪ ಒಬ್ಬರು. ಜೊತೆಗೆ ಸುಣ್ಣದ ಬಕೆಟ್ ಹಿಡಿದುಕೊಂಡು ಬರುತ್ತಿದ್ದ ಹುಡುಗ ಇವರು. "ನಾನು ಕೈಗೆ ಎಟುಕದೆ ಹಾರಿ ಹಾರಿ ತೆಗೀತಿದ್ದೆ" ಎಂದು ನಕ್ಕರು. ನನಗೆ ನಗಲು ಬರಲಿಲ್ಲ. ಊರಿಗೆಲ್ಲ ತೆರೆದಿತ್ತು ನಮ್ಮ ಜಗಲಿ ಎಂದು ನಾನು ಬೆಂಗಳೂರಿನ ಗೆಳತಿಯರಿಗೆ ಹೇಳುತ್ತಿದ್ದ ಕಥೆಯಲ್ಲಿ ಈ ಲೋಟ ಇರಲೇ ಇಲ್ಲ. ಮೇಲೆ ಬನ್ನಿ ಮೇಸ್ತ್ರಿ ಎಂದೆ. ಬಂದರು. ಒಳಗಿನಿಂದ ಅಮ್ಮ, "ಯಾರು, ಬಂದ್ಯಾ..." ಎಂದು ಶುರು ಮಾಡಿ, ನನ್ನ ಮುಖ ನೋಡಿ, "ಬಂದ್ರಾ" ಎಂದು ಮುಗಿಸಿದಳು.

ಅವರು ಮೊದಲು ನೋಡಿದ್ದು ಕಂಬಗಳನ್ನು. ನಾಲ್ಕೂ ಹಲಸಿನ ಮರದ್ದು. ಲಿಂಗನಮಕ್ಕಿ ಕಟ್ಟೆ 1964ರಲ್ಲಿ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗುವ ಮುಂಚೆ ಜನ ತಮ್ಮ ಮನೆಗಳನ್ನು ತಾವೇ ಬಿಚ್ಚಿ ಮರಮುಟ್ಟು ಸಾಗಿಸಿಕೊಂಡಿದ್ದರು. ಅಜ್ಜನ ತಂಗಿಯ ಮನೆ ಹಾಗೆ ಬಿಚ್ಚಿದ್ದು. ಅವರು ಹೋದ ಊರಿನಲ್ಲಿ ಸಣ್ಣ ಮನೆ, ಇಷ್ಟು ದೊಡ್ಡ ಕಂಬಕ್ಕೆ ಜಾಗವಿರಲಿಲ್ಲ. ಅಜ್ಜ ಗಾಡಿ ಕಟ್ಟಿಸಿ ತಂದರು. ಎರಡನೇ ಕಂಬದಲ್ಲಿ ಎದೆಯೆತ್ತರಕ್ಕೆ ದೀಪದ ಹೊಗೆಯ ಕಪ್ಪು ಕಲೆ ಇದೆ. ಅದು ಆ ಮನೆಯ ದೀಪದ್ದು, ನಮ್ಮದಲ್ಲ.

ಅದೇ ಕಂಬದ ಬುಡಕ್ಕೆ ಗೆದ್ದಲು ಹಿಡಿದಿತ್ತು. ಟೈಲ್ಸ್ ಹಾಕುವಾಗ ಕಂಬದ ಕಲ್ಲನ್ನು ಮುಚ್ಚಿ ಮರಕ್ಕೇ ಸಿಮೆಂಟ್ ತಾಗಿಸಿದ್ದರಿಂದ ತೇವ ಕೂತು ಹಾಗಾಗಿದೆ ಎಂದರು ಮೇಸ್ತ್ರಿ. ಬಡಗಿಯನ್ನು ಕರೆಸಿ, ತೊಲೆಗೆ ಎರಡು ಜಾಕು ಕೊಟ್ಟು, ಕಂಬವನ್ನು ಹತ್ತು ಅಂಗುಲ ಕತ್ತರಿಸಿ, ಅಡಿಗೆ ಅಷ್ಟೇ ಎತ್ತರದ ಕಲ್ಲು ಕೂರಿಸಿದರು. ಹೀಗಾಗಿ ಈಗ ನಾಲ್ಕು ಕಂಬದಲ್ಲಿ ಒಂದರ ಕಾಲು ಕಲ್ಲಿನದು. ಎಲ್ಲಕ್ಕೂ ಗೇರೆಣ್ಣೆ ಬಳಿಸಿದೆ. ವಾಸನೆ ಒಂದು ವಾರ ಹೋಗಲಿಲ್ಲ. ಅಮ್ಮ ಸೆರಗು ಮೂಗಿಗೆ ಹಿಡಿದುಕೊಂಡೇ ಓಡಾಡಿದಳು.

ಹಂಚು ಇಳಿಸಿ ತೊಳೆಯುವಾಗ ಮಕ್ಕಳಾಗಿದ್ದಾಗಿನ ಒಂದು ಜಗಳ ನೆನಪಾಯಿತು. ಹಂಚಿನ ಅಡಿಯಲ್ಲಿ 1865 ಎಂದು ಅಚ್ಚೊತ್ತಿತ್ತು. ನಮ್ಮ ಮನೆ ಅಷ್ಟು ಹಳೆಯದು ಎಂದು ನಾನು, ಅಲ್ಲ ಎಂದು ತಮ್ಮ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಹಂಚು ಸುಟ್ಟ ವರ್ಷ ಅಲ್ಲ. ತಮ್ಮ ಗೆದ್ದ ಹಾಗಾಯಿತು, ಹೇಳಲು ಹೋಗಲಿಲ್ಲ.

ಚೌಕಾಬಾರದ ತುಂಡನ್ನು ಏನು ಮಾಡುವುದು? ಹಳೆಯ ಕೆಂಪಿಗೆ ಹೊಸ ಕೆಂಪು ಯಾವತ್ತೂ ಕೂಡುವುದಿಲ್ಲ, ತೇಪೆ ತೇಪೆಯಾಗೇ ಕಾಣುತ್ತದೆ, ಕಿತ್ತು ಹಾಕಿದರೆ ಒಂದೇ ಹಾಸು ಬರುತ್ತದೆ ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು. ನಾನು ಬೇಡ ಎಂದೆ. ಅವರು ತಲೆ ಕೆರೆದುಕೊಂಡು, ಹಾಗಾದರೆ ಅದರ ಸುತ್ತ ಕಪ್ಪು ಪಟ್ಟಿ ಕೊಡೋಣ, ತೇಪೆ ಅಂತ ಯಾರೂ ಹೇಳೋದಿಲ್ಲ, ಬೇಕಂತಲೇ ಮಾಡಿದ್ದು ಅಂತಾರೆ ಎಂದರು. ಜಗಲಿಯ ಹೊರ ಅಂಚಿಗೂ ಅದೇ ಕಪ್ಪು, ನಾಲ್ಕು ಅಂಗುಲ.

ನೆಲ ಹಾಕಿದ ದಿನವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ನಮಗೆಲ್ಲ ಹಳೆ ಮನೆಯ ಕೆಂಪು ನೆಲ ಎಂದರೆ ಪ್ರಾಣ, ಅದು ಹೇಗಾಗುತ್ತದೆ ಎಂದು ಮಾತ್ರ ಗೊತ್ತಿಲ್ಲ. ಹಿಂದಿನ ದಿನವೇ ಮೂರು ಪಾಲು ಸಿಮೆಂಟಿಗೆ ಒಂದು ಪಾಲು ರೆಡ್ ಆಕ್ಸೈಡ್ ಹಾಕಿ, ಒಣಗಿದ್ದಂತೆಯೇ ಕಲಸಿ, ಅಮ್ಮನ ಹಳೆಯ ಸೀರೆಯಲ್ಲಿ ಮೂರು ಸಲ ಸೋಸಿದರು. ಇಡೀ ಜಗಲಿಗೆ ಬೇಕಾದಷ್ಟನ್ನೂ ಒಟ್ಟಿಗೇ. ನಡುವೆ ಸಾಲದೆ ಬಂದು ಮತ್ತೆ ಕಲಸಿದರೆ ಬಣ್ಣ ಬೇರೆಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಶುರು. ರಸಮಟ್ಟ ಇಟ್ಟು, ಕೇರಿಯ ಕಡೆಗೆ ನೀರು ಹೋಗುವ ಹಾಗೆ ಬೆರಳಿನಷ್ಟು ವಾಟ ಕೊಟ್ಟು, ಮೊದಲು ಒಂದಂಗುಲ ದಪ್ಪದ ಸಿಮೆಂಟ್ ಮರಳಿನ ಹಾಸು. ಅದು ಪೂರ್ತಿ ಗಟ್ಟಿಯಾಗುವುದಕ್ಕೆ ಮೊದಲು, ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು ಆದರೆ ಅಂಟಬಾರದು ಎನ್ನುವ ಹೊತ್ತಿಗೆ, ಕೆಂಪು ಗಂಜಿಯನ್ನು ಮೇಲೆ ಹೊಯ್ದು ತೆಳ್ಳಗೆ ಎಳೆಯುತ್ತಾರೆ. ದೋಸೆಗಿಂತ ತೆಳ್ಳಗೆ.

ಆಮೇಲಿನದೆಲ್ಲ ಕರಣೆಯ ಕೆಲಸ. ಮೇಸ್ತ್ರಿ ಮಂಡಿಯ ಅಡಿಗೆ ಗೋಣಿಚೀಲ ಹಾಕಿಕೊಂಡು, ಎರಡು ಹಲಗೆ ಇಟ್ಟು ಅದರ ಮೇಲೆ ಕೂತು, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಉಜ್ಜಿದರು. ಒಂದು ಸುತ್ತು ಮುಗಿಸಿ, ಹತ್ತು ನಿಮಿಷ ಬಿಟ್ಟು, ಮತ್ತೆ ಮೊದಲಿನಿಂದ. ಮೂರನೇ ಸುತ್ತಿಗೆ ನೆಲದಿಂದ ಸಣ್ಣಗೆ ನೀರು ಮೇಲೆ ಬಂತು. "ನೋಡಿ, ಬೆವರ್ತಾ ಇದೆ" ಎಂದರು. ಬೆವರು ಆರುವಷ್ಟರಲ್ಲಿ ನಾಲ್ಕನೇ ಸುತ್ತು, ಈಗ ಮೈಭಾರ ಎಲ್ಲ ಕೈಗೆ ಕೊಟ್ಟು. ಕರಣೆಯ ಸದ್ದೇ ಬೇರೆಯಾಯಿತು. ಮೊದಲು ಸರ್ ಸರ್ ಎನ್ನುತ್ತಿದ್ದದ್ದು ಕೊನೆಗೆ ಗಾಜಿನ ಮೇಲೆ ಉಗುರು ಆಡಿಸಿದ ಹಾಗೆ ಕೇಳಿಸಿತು. ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಅಷ್ಟು ಹೊತ್ತು ಅವರು ಊಟಕ್ಕೂ ಏಳಲಿಲ್ಲ. ಎದ್ದರೆ ಎದ್ದ ಕಡೆ ಒಂದು ಗೆರೆ ಉಳಿಯುತ್ತದಂತೆ. ಕೂಲಿ ಚದರಡಿಗೆ 130 ರೂಪಾಯಿ. ಟೈಲ್ಸಾದರೆ ಅದರ ಅರ್ಧಕ್ಕೆ ಆಗುತ್ತಿತ್ತು ಎಂದು ಅವರೇ ಹೇಳಿದರು.

ಮರುದಿನದಿಂದ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿ ಒಂಬತ್ತು ದಿನ ನೀರು ನಿಲ್ಲಿಸಬೇಕು. ಅದು ನನ್ನ ಕೆಲಸ. ಮೂರು ದಿನ ಚೆನ್ನಾಗೇ ಮಾಡಿದೆ. ನಾಲ್ಕನೇ ದಿನ ಪೆನ್ಷನ್ ಕಾಗದಕ್ಕೆಂದು ಶಿವಮೊಗ್ಗಕ್ಕೆ ಹೋದವಳು ಸಂಜೆ ಬರುವಾಗ ಏಳು ಗಂಟೆ. ಇಲಿಯೋ ಹೆಗ್ಗಣವೋ ಮೂಲೆಯ ಮಣ್ಣು ಕೆದರಿ ನೀರೆಲ್ಲ ಇಳಿದುಹೋಗಿ, ಬಿಸಿಲು ಬೀಳುವ ಕಡೆ ಒಂದು ಮೊರದಷ್ಟು ಜಾಗ ಒಣಗಿ ಬೆಳ್ಳಗಾಗಿತ್ತು. ಅಮ್ಮ ಕೂತಲ್ಲೇ, "ನೀನು ಬಂದು ಹಾಕ್ತೀಯ ಅಂತ ಮಾಡಿದೆ" ಎಂದಳು. ರಾತ್ರಿಯೇ ಬಕೆಟ್ ಹೊತ್ತೆ. ಮೇಸ್ತ್ರಿಗೆ ಫೋನ್ ಮಾಡಿದರೆ ಬೈಯಲೂ ಇಲ್ಲ. ಸುಮ್ಮನೆ, "ಅಲ್ಲಿ ಬಿಡುತ್ತೆ" ಎಂದರು. ಬಿರುಕು ಎಂಬ ಪದವನ್ನು ಬಾಯಿಗೆ ತರಲಿಲ್ಲ.

ಇದೆಲ್ಲ ನಡೆಯುತ್ತಿದ್ದಾಗಲೇ ಕಾಂಪೌಂಡ್ ಗೋಡೆಯನ್ನೂ ಐದಡಿಯಿಂದ ಎರಡೂವರೆ ಅಡಿಗೆ ಇಳಿಸಿದೆವು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಧೂಳು.

ಒಣಗಿದ ನೆಲಕ್ಕೆ ತೆಂಗಿನೆಣ್ಣೆಯ ಬಟ್ಟೆ ಹಾಕಿ ತಿಕ್ಕಿ ಮುಗಿಸಿದ ಸಂಜೆ, ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಜಗಲಿಯಲ್ಲಿ ಹಾಕಿ, ಒಂದರಲ್ಲಿ ನಾನು ಕೂತೆ. ಐದೂವರೆ ಆಗಿತ್ತು. ಅಜ್ಜನ ಹೊತ್ತು. ಕೇರಿಯಲ್ಲಿ ಸ್ಕೂಟರುಗಳು ಹೋದವು. ಒಂದು ನಿಧಾನವಾಯಿತು. ಹೆಲ್ಮೆಟ್ ತೆಗೆಯದೆಯೇ, "ಅಮ್ಮ ಹುಷಾರಾಗಿದ್ದಾರಲ್ಲ?" ಎಂದು ಕೇಳಿದರು. ಹೌದು ಎಂದೆ. ಹೋದರು. ಮತ್ತೆ ಹತ್ತು ನಿಮಿಷಕ್ಕೆ ಇನ್ನೊಬ್ಬರು, ಅದೇ ಪ್ರಶ್ನೆ. ಮೂರನೆಯವರು ಕೇಳಿದಾಗ ಅರ್ಥವಾಯಿತು: ಈಗ ನಮ್ಮ ಕೇರಿಯಲ್ಲಿ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿ ಬಿದ್ದರೆ ಯಾರೋ ಹೋದರು ಎಂದೇ. ಅಮ್ಮನಿಗೆ ಹೇಳಿದೆ. ಅವಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಹಾಗಾದರೆ ನಾಳೆಯಿಂದ ನಾನೇ ಕೂರ್ತೀನಿ, ಜನಕ್ಕೆ ಧೈರ್ಯ ಬರ್ಲಿ" ಎಂದಳು.

ಹತ್ತು ದಿನ ಯಾರೂ ಮೆಟ್ಟಿಲು ಹತ್ತಲಿಲ್ಲ. ಸ್ಕೂಟರಿನಲ್ಲಿ ಹೋಗುವವರಿಗೆ ಜಗಲಿ ಆಗಿಬರುವುದಿಲ್ಲ. ಒಂದು ಮಾತು ಬಾಯಿಂದ ಹೊರಡುವಷ್ಟರಲ್ಲಿ ಅವರು ಮೂರು ಮನೆ ದಾಟಿರುತ್ತಾರೆ. ತಮ್ಮನ ಮಗಳು ನಾರ್ತ್ ಕೆರೊಲಿನಾದಲ್ಲಿದ್ದಾಳೆ. ವಿಡಿಯೋದಲ್ಲಿ ಜಗಲಿ ನೋಡಿ, ಇಲ್ಲೂ ಹಳೆ ಮನೆಗಳಿಗೆಲ್ಲ ಮುಂದೆ ಪೋರ್ಚ್ ಇದೆ ಅತ್ತೆ, ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಕಟ್ಟಿದ ಮನೆಗಳಲ್ಲಿ ಕಡಿಮೆ ಎಂದಳು. ಕಾರು ಬಂತು, ಏಸಿ ಬಂತು, ಟಿವಿ ಬಂತು, ಜನ ಮನೆಯ ಹಿಂದುಗಡೆ ಕೂರಲು ಶುರು ಮಾಡಿದರಂತೆ. ಅವರು ಹಿತ್ತಲಿಗೆ ಹೋದರು, ನಾವು ಗ್ರಿಲ್ ಹಾಕಿಕೊಂಡೆವು. ಅವರದ್ದು ವಾಸಿಯೇ ಎನಿಸಿತು, ಹಿತ್ತಲಲ್ಲಿ ಗಾಳಿಯಾದರೂ ಇರುತ್ತದೆ.

ಕುರ್ಚಿಯ ಗುಟ್ಟು ಗೊತ್ತಾದದ್ದು ಅಮ್ಮನಿಂದ. ಒಂದು ಸಂಜೆ ಅವಳು ಕುರ್ಚಿ ಬೇಡವೆಂದು ಚಾಪೆ ಹಾಸಿಕೊಂಡು ನೆಲಕ್ಕೇ ಕೂತು ಹೂ ಕಟ್ಟುತ್ತಿದ್ದಳು. ನಡೆದುಕೊಂಡು ಹೋಗುತ್ತಿದ್ದ ಟೀಚರೊಬ್ಬರು ನಿಂತು ಮಾತಾಡಿಸಿದರು. ನಾನು ಕುರ್ಚಿಯಲ್ಲಿ ಕೂತಾಗ ಯಾರೂ ನಿಲ್ಲದೆ ಇವಳಿಗೆ ಯಾಕೆ ನಿಂತರು ಎಂದು ಮರುದಿನ ಕೇರಿಗೆ ಇಳಿದು ನೋಡಿದೆ. ಜಗಲಿಯ ಎತ್ತರ ಎರಡಡಿ. ನೆಲಕ್ಕೆ ಕೂತವರ ಕಣ್ಣು ಕೇರಿಯಲ್ಲಿ ನಡೆಯುವವರ ಕಣ್ಣಿಗೆ ಸರಿಸಮ ಬರುತ್ತದೆ. ಕುರ್ಚಿ ಹಾಕಿದರೆ ನಾವು ಮೇಲಾಗಿ ಅವರು ತಲೆ ಎತ್ತಬೇಕಾಗುತ್ತದೆ, ಕಚೇರಿಗೆ ಅರ್ಜಿ ಕೊಡಲು ಬಂದವರ ಹಾಗೆ. ಹೊರ ಅಂಚಿಗೆ ಕಾಲು ಇಳಿಬಿಟ್ಟು ಕೂರುವುದಕ್ಕೂ ಅದೇ ಎತ್ತರ ಸರಿ. ಅಂಚಿಗೆ ಕೂತವರು ಪೂರ್ತಿ ನಮ್ಮ ಮನೆಗೆ ಬಂದವರೂ ಅಲ್ಲ, ಚಪ್ಪಲಿ ಬಿಡಬೇಕಾಗಿಲ್ಲ, ಯಾವಾಗ ಬೇಕಾದರೂ "ಬರ್ಲಾ" ಎಂದು ಎದ್ದು ಹೋಗಬಹುದು. ಕುರ್ಚಿ ಎರಡನ್ನೂ ಅಟ್ಟಕ್ಕೆ ಹಾಕಿದೆ.

ಈಗ ಬರುವವರು ಅಜ್ಜನ ಕಾಲದವರ ಹಾಗಿಲ್ಲ. ಟೀಚರು ವಾರಕ್ಕೆ ಎರಡು ದಿನ. ಹಿಂದಿನ ಓಣಿಯಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿಯರಿಬ್ಬರು ರಾತ್ರಿ ಪಾಳಿಗೆ ಹೋಗುವ ಮುಂಚೆ ಕಾಲು ಗಂಟೆ, ಅದರಲ್ಲಿ ಹತ್ತು ನಿಮಿಷ ಫೋನಿನಲ್ಲಿ. ಕೊರಿಯರ್ ಹುಡುಗ ಮಧ್ಯಾಹ್ನ ಬುತ್ತಿ ಉಣ್ಣುತ್ತಾನೆ. ಎದುರು ಮನೆಯ ಅಜ್ಜಿ, ಅಮ್ಮನ ಚೌಕಾಬಾರದ ಜೊತೆಗಾತಿ, ಮಗಳ ಮನೆಗೆ ಹೋಗಿಬಿಟ್ಟಿದ್ದಾರೆ. ಆ ಮನೆಗೆ ಬೀಗ. ಗಂಡಸರು ಕಡಿಮೆ. ಸಂಜೆ ಆರಾದರೆ ಸೊಳ್ಳೆ, ಬತ್ತಿ ಹಚ್ಚದೆ ಕೂರಲಾಗುವುದಿಲ್ಲ. ಎರಡು ಸಲ ಯಾರೋ ಕಂಬದ ಬುಡಕ್ಕೆ ಗುಟ್ಕಾ ಉಗಿದು ಹೋದರು. ಎಣ್ಣೆ ಹಚ್ಚಿದ ಹೊಸ ನೆಲದ ಮೇಲೆ ಅದನ್ನು ಒರೆಸುವಾಗ ಅಪ್ಪನ ಗ್ರಿಲ್ ನೆನಪಾಗದೆ ಇರಲಿಲ್ಲ.

ಫೆಬ್ರವರಿಗೆ ಮಾರಿಜಾತ್ರೆ. ಸಾಗರದಲ್ಲಿ ಅದು ಮೂರು ವರ್ಷಕ್ಕೊಮ್ಮೆ, ಹೊರಗಿದ್ದವರೆಲ್ಲ ಊರಿಗೆ ಬರುವ ಹೊತ್ತು. ತಮ್ಮ ಬಂದ, ಚೌಕಾಬಾರ ನೋಡಿದ, ಅದು ತಾನು ಕೊರೆದದ್ದು ಎಂದ. ಅಮ್ಮ ಏನೂ ಹೇಳಲಿಲ್ಲ, ಬತ್ತಿ ಹೊಸೆಯುತ್ತ ಕೂತಿದ್ದಳು.

ಜಾತ್ರೆಯ ಮೂರನೇ ದಿನ ಮಧ್ಯಾಹ್ನ ಮೇಸ್ತ್ರಿ ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ಹುಡುಗನ ಕೈಯಲ್ಲಿ ಬೆಂಡು ಬತ್ತಾಸಿನ ಪೊಟ್ಟಣ, ಊದುವ ಪೀಪಿ. ಮೇಸ್ತ್ರಿ ಮಾತಾಡುವುದಕ್ಕೆ ಮೊದಲೇ ಮಂಡಿಯೂರಿ, ಆ ನಾಲ್ಕನೇ ದಿನ ಒಣಗಿದ ಜಾಗಕ್ಕೆ ಅಂಗೈ ಆಡಿಸಿದರು. ಕೂದಲೆಳೆಯಷ್ಟು ಬಿರುಕು, ಒಂದು ಗೇಣು ಉದ್ದ. ನಮಗೆ ಅದುವರೆಗೆ ಕಂಡಿರಲಿಲ್ಲ.

"ಹೇಳಿದ್ನಲ್ಲ ಅಕ್ಕಾ. ಇರ್ಲಿ, ಈ ಮಳೆಗಾಲ ಒಂದು ಕಳೀಲಿ. ಎಷ್ಟು ಓಡುತ್ತೋ ನೋಡ್ಕೊಂಡು ಆಮೇಲೆ ತುಂಬ್ತೀನಿ."

ಅಮ್ಮ ಒಳಗಿನಿಂದ ಕಾಫಿ ತಂದಳು, ಮೂರು ಸ್ಟೀಲ್ ಲೋಟ ಒಂದೇ ತಟ್ಟೆಯಲ್ಲಿ. "ಕೂತ್ಕೊಳಿ ಮೇಸ್ತ್ರಿ, ನಿಂತ್ಕೊಂಡು ಕುಡೀಬೇಡಿ" ಎಂದಳು. ಅವರು ಎರಡನೇ ಕಂಬಕ್ಕೆ ಬೆನ್ನು ಕೊಟ್ಟು ಕೂತರು. ಹುಡುಗ ಅಷ್ಟರಲ್ಲಿ ಕಪ್ಪು ಪಟ್ಟಿಯ ಒಳಗೆ ಕೂತು ಬತ್ತಾಸುಗಳನ್ನು ಒಂದೊಂದು ಮನೆಗೆ ಒಂದರಂತೆ ಇಡತೊಡಗಿದ್ದ. ಅದು ಹಾಗೆ ಆಡೋದಲ್ಲ ಎಂದು ಅಮ್ಮ ಎರಡು ಸಲ ಹೇಳಿದಳು. ಅವನು ಪೀಪಿ ಊದಿದ.